ಬಜಾರ್ಡ್ಸ್ ಕೊಲ್ಲಿಗೆ ನೀಲಿ ತಲೆಯವರು ಬಂದರು!

ನೀಲಿ ಅಂದರೆ ಎಂಥ ನೀಲಿ! ಕಡುಗಪ್ಪು ಮೈ, ಒಂದೊಂದು ಹುರುಪೆಯ ನಡುವೆಯೂ ತೆಳುಬಿಳಿಯ ಚುಕ್ಕೆ, ಕಣ್ಣಿನ ಸುತ್ತ ಹಸಿರು ಬೆರೆತ ನೀಲಿ ಉಕ್ಕಿ ಹರಿದಿದೆ. ನೆತ್ತಿಯ ಹಿಂದೆ ಗೂಳಿಯ ಹಿಣಿಲಿನಂತೆ ಎದ್ದು ನಿಂತ ಉಬ್ಬು ಬೇರೆ! ಮೇ ತಿಂಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತೀರದ ಬಜಾರ್ಡ್ಸ್ ಕೊಲ್ಲಿಯಲ್ಲಿ ಗಾಳ ಇಳಿಬಿಟ್ಟವರಿಗೆ ಸಿಗುವ ಬ್ಲ್ಯಾಕ್ ಸೀ ಬಾಸ್ ಗಂಡು ಇದು. ಬೆದೆಯ ಕಾಲದಲ್ಲಿ ಹೀಗೆ ಸಿಂಗರಿಸಿಕೊಂಡು ಬರುತ್ತದೆ. ಅಲ್ಲಿನ ಬೆಸ್ತರು ಇದನ್ನು ‘ನಾಬ್‌ಹೆಡ್’ ಎಂದು ಕರೆಯುತ್ತಾರೆ.

ಈಗ ಕೇಳಿ: ಈ ಗಂಡು ಕೆಲವು ವರ್ಷಗಳ ಹಿಂದೆ ಹೆಣ್ಣಾಗಿದ್ದಿರಬಹುದು. ಮೊಟ್ಟೆಯನ್ನೂ ಇಟ್ಟಿರಬಹುದು!

ಈ ಜಾತಿಯಲ್ಲಿ ಬಹುಪಾಲು ಮೀನುಗಳು ಹೆಣ್ಣಾಗಿಯೇ ಬಾಳು ಶುರುಮಾಡುತ್ತವೆ. ಆಮೇಲೆ ಕೆಲವು ಹೆಣ್ಣುಗಳ ಅಂಡಾಶಯ ಕರಗುತ್ತಾ ಹೋಗಿ ಅದೇ ಜಾಗದಲ್ಲಿ ವೃಷಣ ಬೆಳೆಯುತ್ತದೆ. ಗಂಡುಗಳು ಕಡಿಮೆಯಾದಾಗ ಹೆಣ್ಣುಗಳಿಗೆ ಬದಲಾಗುವ ಸುಳಿವು ಸಿಗುತ್ತದೆ ಎಂದು ಪ್ರಯೋಗಾಲಯದ ಕೆಲಸ ಸೂಚಿಸಿದೆ. ಯಾರು ಎಣಿಸುತ್ತಾರೆ ಆ ಕಗ್ಗತ್ತಲ ತಳದಲ್ಲಿ, ಗಂಡೆಷ್ಟು ಹೆಣ್ಣೆಷ್ಟು ಎಂದು? ನಮ್ಮ ಕರಾವಳಿಯ ಮುರು ಮೀನು ಇದರ ದೂರದ ನೆಂಟ. ಆ ಬಳಗದಲ್ಲೂ ಹೆಣ್ಣು ಗಂಡಾಗುವ ಸಂಪ್ರದಾಯವಿದೆ. ಮಲ್ಪೆಯ ಮಾರುಕಟ್ಟೆಯಲ್ಲಿ ಮುರುವಿಗೆ ಚೌಕಾಸಿ ಮಾಡುವಾಗ ಅದರ ಪೂರ್ವಾಶ್ರಮವನ್ನು ಯಾರು ವಿಚಾರಿಸುತ್ತಾರೆ!

ಇವು ಬರುವುದಾದರೂ ಎಲ್ಲಿಂದ? ಅಮೆರಿಕದ ಪೂರ್ವ ತೀರದ ಕೇಪ್ ಹ್ಯಾಟೆರಸ್ ಭೂಶಿರದಿಂದ ಉತ್ತರಕ್ಕಿರುವ ಸೀ ಬಾಸ್‌ಗಳು ಚಳಿಗಾಲದಲ್ಲಿ ದಡದ ಹತ್ತಿರ ಇರುವುದಿಲ್ಲ. ಭೂಖಂಡ ಕಡಲೊಳಗೆ ದೂರದವರೆಗೆ ಚಾಚಿ ಕೊನೆಗೆ ಕಡಿದಾಗಿ ಆಳಕ್ಕೆ ಇಳಿಯುತ್ತದಲ್ಲ, ಆ ಅಂಚಿನ ಬಳಿ ನೀರು ಅಷ್ಟಾಗಿ ತಣ್ಣಗಾಗುವುದಿಲ್ಲ. ಅಲ್ಲಿ ಹೋಗಿ ಚಳಿ ಕಳೆಯುತ್ತವೆ. ಮ್ಯಾಸಚೂಸೆಟ್ಸ್‌ನ ಮೀನುಗಳು ದಕ್ಷಿಣಕ್ಕೆ ವರ್ಜೀನಿಯಾದ ಆಚೆಗಿನ ಆಳದವರೆಗೂ ಹೋಗುವುದುಂಟು. ವಸಂತದಲ್ಲಿ ತಳದ ನೀರು ಬಿಸಿಯಾಗುತ್ತಿದ್ದಂತೆ ಮರಳಿ ಹೊರಡುತ್ತವೆ. ಸಾವಿರಾರು ಮೀನುಗಳಿಗೆ ಗುರುತಿನ ಪಟ್ಟಿ ಕಟ್ಟಿ ಬಿಟ್ಟು ನೋಡಿದಾಗ ತಿಳಿದದ್ದೇನು ಗೊತ್ತೆ? ನೂರಾರು ಕಿಲೋಮೀಟರ್ ಅಲೆದ ಮೇಲೂ ಹೆಚ್ಚಿನವು ಹಿಂದಿನ ಬೇಸಿಗೆಯ ಆಸುಪಾಸಿಗೇ ಬಂದು ಸೇರುತ್ತವೆ!

ಬಂದು ಸೇರುವ ಕೊಲ್ಲಿಯೋ, ಸರಾಸರಿ 11 ಮೀಟರ್ ಆಳದ್ದು, ಅಷ್ಟೇ. ಹಾಗಾಗಿ ಇದಕ್ಕೆ ದೊಡ್ಡ ಹಡಗು ಬೇಡ. ಬೆಳಿಗ್ಗೆ ಸಣ್ಣ ದೋಣಿಯಲ್ಲಿ ಹೊರಟು ಊಟದ ಹೊತ್ತಿಗೆ ಮನೆಗೆ ಬರಬಹುದು. ಬಂಡೆ, ಮುಳುಗಿದ ಹಡಗು, ಚಿಪ್ಪು ಹಾಸಿಕೊಂಡ ದಿಬ್ಬ, ಹೀಗೆ ಆಸರೆಯಿದ್ದ ಕಡೆಯೇ ಇವುಗಳ ಠಾವು. ಬರೀ ಮರಳಿನ ಮೇಲೆ ಗಂಟೆಗಟ್ಟಲೆ ಕೂತರೂ ದಂಡವೇ. ಸೋನಾರ್ ಪರದೆಯಲ್ಲಿ ತಳ ಸ್ವಲ್ಪ ಉಬ್ಬಿದ್ದು ಕಂಡಿತೋ, ದೋಣಿಯನ್ನು ಪ್ರವಾಹಕ್ಕೆ ಬಿಟ್ಟು, ಕೂದಲು ಕಟ್ಟಿದ ಸೀಸದ ಬಕ್‌ಟೇಲ್ ಜಿಗ್ಗಿಗೆ ಬೊಂಡಾಸದ ಒಂದು ಸೀಳು ಸಿಕ್ಕಿಸಿ ಕೆಳಗಿಳಿಸುತ್ತಾರೆ. ಸೀಸ ತಳಕ್ಕೆ ಟಕ್ ಎಂದು ತಾಗಬೇಕು. ತಾಗಿದೊಡನೆ ಒಂದೆರಡು ಅಡಿ ಎತ್ತಬೇಕು, ಮತ್ತೆ ಬಿಡಬೇಕು. ಎತ್ತು, ಬಿಡು, ಎತ್ತು... ಅಷ್ಟರಲ್ಲಿ ಧಡ್! ಕೋಲು ಬಿಲ್ಲಾಗುತ್ತದೆ. ಎರಡೋ ಮೂರೋ ಪೌಂಡಿನ ಮೀನು, ಗುದ್ದುವ ರಭಸ ಮಾತ್ರ ಎರಡರಷ್ಟು. ಒಂದು ಕಚ್ಚಿತೆಂದರೆ ಆ ಕಲ್ಲಿನ ಸುತ್ತ ಇನ್ನಷ್ಟು ಕಾದಿವೆ ಎಂದೇ ಲೆಕ್ಕ. ಬೆನ್ನಿನ ಮುಳ್ಳು ಚೂಪು, ಕೈ ಜೋಪಾನ.

ಆಳದಲ್ಲಿ ಹಿಡಿದದ್ದನ್ನು ಮೇಲೆಳೆದರೆ ಒಳಗಿನ ಗಾಳಿಚೀಲ ಹಿಗ್ಗಿ ಹೊಟ್ಟೆ ಬಾಯಿಗೇ ಬರುತ್ತದೆ. ಹಾಗೇ ಬಿಟ್ಟರೆ ತೇಲುತ್ತಾ ಸಾಯಬಹುದು, ಅದಕ್ಕೇ ತೂಕ ಕಟ್ಟಿ ತಳಕ್ಕೆ ಇಳಿಸಿ ಬಿಡುವ ಸಾಧನಗಳಿವೆ. ಆಳವಿಲ್ಲದ ಕೊಲ್ಲಿಯಲ್ಲಿ ಈ ತಾಪತ್ರಯ ಕಡಿಮೆ. ವಸಂತದ ಬೇಟೆ ನನಗೆ ಹಿಡಿಸಲು ಇದೂ ಒಂದು ಕಾರಣ.

ಬಿಡಲೇಬೇಕಾದವೂ ಬಹಳ. 2024ರಲ್ಲಿ ಮ್ಯಾಸಚೂಸೆಟ್ಸ್‌ನ ಹವ್ಯಾಸಿಗಳಿಗೆ ಮೇ 18ರಿಂದ ಅವಕಾಶವಿತ್ತು: ದಿನಕ್ಕೆ ತಲಾ 4 ಮೀನು, ಕನಿಷ್ಠ 16.5 ಇಂಚು. ಇಲ್ಲೊಂದು ಸೋಜಿಗದ ತೊಡಕು! ದೊಡ್ಡವನ್ನೇ ಇಟ್ಟುಕೊಂಡರೆ ಹೆಚ್ಚಾಗಿ ಹೋಗುವವರು ಗಂಡುಗಳೇ ಅಲ್ಲವೇ? ಬೇರೆ ಜಾತಿಯಾಗಿದ್ದರೆ ಸಂತತಿಗೇ ಸಂಚಕಾರ. ಇಲ್ಲಿ ಹೆಣ್ಣುಗಳೇ ಆ ಸ್ಥಾನ ತುಂಬುತ್ತವೆ. ಅದೂ ಸಾಲದೆಂಬಂತೆ, ಉಬ್ಬಿಲ್ಲದ, ಬಣ್ಣವಿಲ್ಲದ ಸಣ್ಣ ಗಂಡುಗಳೂ ಗುಂಪಿನಲ್ಲಿ ಸದ್ದಿಲ್ಲದೆ ಸೇರಿಕೊಂಡಿರುತ್ತವೆ. ದೊಡ್ಡಪ್ಪ ಮೆರೆಯುತ್ತಿರುವಾಗಲೇ ಅವೂ ತಮ್ಮ ಕೆಲಸ ಪೂರೈಸುತ್ತವೆ! ಮೀನುಗಳ ಲೆಕ್ಕ ಇಡುವ ವಿಜ್ಞಾನಿಗಳಿಗೆ ಇದು ಸಲೀಸಾದ ಗಣಿತವಲ್ಲ. ತಮಾಷೆ ನೋಡಿ, 1871ರಿಂದ ಮೀನಿನ ಅಧ್ಯಯನ ನಡೆಯುತ್ತಿರುವ ವುಡ್ಸ್ ಹೋಲ್ ಎಂಬ ಊರು ಇರುವುದು ಇದೇ ಕೊಲ್ಲಿಯ ಬಾಯಲ್ಲಿ.

ನಿಜವಾದ ಕಡಿವಾಣ ಇರುವುದು ಚಳಿಯ ಕೈಯಲ್ಲಿ. ಬೇಸಿಗೆಯಲ್ಲಿ ಹುಟ್ಟಿದ ಮರಿಗಳು ತಮ್ಮ ಮೊದಲ ಚಳಿಗಾಲವನ್ನು ದಾಟಬೇಕು. 2011ರ ಮರಿಗಳಿಗೆ ಸಿಕ್ಕಿದ್ದು ಬೆಚ್ಚನೆಯ ಚಳಿಗಾಲ. ಎಷ್ಟು ಉಳಿದವೆಂದರೆ, ಆ ಒಂದೇ ಪೀಳಿಗೆ ಉತ್ತರದ ನೀರನ್ನು ವರ್ಷಗಟ್ಟಲೆ ತುಂಬಿತು! ಕಡಲು ಕಾಯುತ್ತಿದ್ದಂತೆ ಸೀ ಬಾಸ್ ಈಗ ಕೇಪ್ ಕಾಡ್ ಭೂಶಿರ ದಾಟಿ ಉತ್ತರದ ಮೇನ್ ಕೊಲ್ಲಿಗೂ ನುಗ್ಗಿದೆ. ಅಲ್ಲಿನವರು ಲಾಬ್‌ಸ್ಟರ್‌ಗೆಂದು ಇಟ್ಟ ಪಂಜರ ಎತ್ತಿದರೆ ಒಳಗೆ ಈ ಕಪ್ಪು ಅತಿಥಿ ಕೂತಿರುತ್ತಾನೆ. ಏಡಿ, ಸಿಗಡಿ ಇವನ ಮೆಚ್ಚಿನ ಊಟ. ಲಾಬ್‌ಸ್ಟರ್ ಮರಿಗಳನ್ನೂ ಬಿಡುವುದಿಲ್ಲವೆಂದು ಪಂಜರದವರಿಗೆ ಆತಂಕ, ಗಾಳದವರಿಗೆ ಹಬ್ಬ.