ಬಾಡಿಗೆ ಮನೆಯ ಗ್ಯಾಸು: ಮಾಲೀಕರ ಪಾಲಿನ ತಪಾಸಣೆ

ಶಾಮನೂರು ಒಂದು ಕಾಲಕ್ಕೆ ದಾವಣಗೆರೆಯ ಪಕ್ಕದ ಹಳ್ಳಿ, ಈಗ ಊರೊಳಗಿನದೇ ಭಾಗ. ಶಾಮನೂರು ರಸ್ತೆಯಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಸುತ್ತಲಿನ ಅಡ್ಡರಸ್ತೆಗಳಲ್ಲಿ ಬಾಡಿಗೆ ಮನೆಗಳಿಗೆ ಬರವಿಲ್ಲ. ಹುಡುಗರು ನಾಲ್ಕೈದು ಜನ ಸೇರಿ ಹಿಡಿಯುವ ಮನೆ, ಮಕ್ಕಳ ಓದಿಗೆಂದು ಹಳ್ಳಿಯಿಂದ ಬಂದ ಸಂಸಾರದ ಮನೆ, ಹರಿಹರದ ಕೆಲಸಕ್ಕೆ ದಿನಾ ಹೋಗಿಬರುವವರ ಮನೆ, ಹೀಗೆ. ಎಲ್ಲ ಕಡೆಯೂ ಹನ್ನೊಂದು ತಿಂಗಳ ಕರಾರು. ಆ ಕರಾರು ಪತ್ರದಲ್ಲಿ ಫ್ಯಾನು ಎಷ್ಟು, ಟ್ಯೂಬ್‌ಲೈಟು ಎಷ್ಟು, ಸುಣ್ಣಬಣ್ಣಕ್ಕೆ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುವುದು ಎಂಬುದೆಲ್ಲ ಇರುತ್ತದೆ. ಗ್ಯಾಸಿನ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ.

ಯಾಕೆಂದು ಕೇಳಿದರೆ ಮಾಲೀಕರ ಉತ್ತರ ಸಿದ್ಧ: "ಸಿಲಿಂಡರ್ ಅವರ ಹೆಸರಲ್ಲೈತಿ, ಒಲೆ ಅವರದು. ನಮಗೇನು ಸಂಬಂಧ?" ಈ ಮಾತಿನಲ್ಲಿ ಅರ್ಧ ನಿಜವಿದೆ. ನಮ್ಮಲ್ಲಿ ಎಲ್‌ಪಿಜಿ ಸಂಪರ್ಕ ಸಿಗುವುದು ಕುಟುಂಬಕ್ಕೆ, ಕಟ್ಟಡಕ್ಕಲ್ಲ. ಮನೆ ಬದಲಾದರೆ ಸಿಲಿಂಡರೂ ರೆಗ್ಯುಲೇಟರೂ ಟೆಂಪೋ ಹತ್ತುತ್ತವೆ. ಆದರೆ ಗ್ಯಾಸು ಉರಿಯಬೇಕಾದರೆ ಗಾಳಿ ಬೇಕು. ಆ ಗಾಳಿ ಒಳಗೆ ಬರುವ ಕಿಟಕಿ, ಹೊರಗೆ ಹೋಗುವ ಗವಾಕ್ಷಿ, ಗೀಸರ್ ಕೂರಿಸಿದ ಗೋಡೆ ಇವೆಲ್ಲ ಮಾಲೀಕರ ಸ್ವತ್ತು. ಇವುಗಳನ್ನು ಕದಲಿಸುವ ಹಕ್ಕು ಬಾಡಿಗೆದಾರರಿಗಿಲ್ಲ. ಈ ಅಧ್ಯಾಯ ಮುಖ್ಯವಾಗಿ ಆ ಗಾಳಿಯ ಕುರಿತದ್ದು.

ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನೇ ಇದೆ. 1998ರ ಅಲ್ಲಿನ ಅನಿಲ ಸುರಕ್ಷತಾ ನಿಯಮಗಳ 36ನೇ ನಿಯಮದಂತೆ ಮನೆ ಬಾಡಿಗೆಗೆ ಕೊಟ್ಟವರು ತಾವು ಒದಗಿಸಿದ ಗ್ಯಾಸ್ ಉಪಕರಣವನ್ನೂ ಹೊಗೆಕೊಳವೆಯನ್ನೂ ಹನ್ನೆರಡು ತಿಂಗಳಿಗೊಮ್ಮೆ ತಪಾಸಣೆ ಮಾಡಿಸಬೇಕು, 28 ದಿನದೊಳಗೆ ಅದರ ದಾಖಲೆಯನ್ನು ಬಾಡಿಗೆದಾರರ ಕೈಗೆ ಕೊಡಬೇಕು. ತಪಾಸಣೆ ಮಾಡುವವರು 'ಗ್ಯಾಸ್ ಸೇಫ್ ರಿಜಿಸ್ಟರ್'ನಲ್ಲಿ ಹೆಸರಿರುವ ತಂತ್ರಜ್ಞರೇ ಆಗಿರಬೇಕು. ಲಂಡನ್ನಿನಲ್ಲಿ ಬಾಡಿಗೆಗಿರುವ ಕನ್ನಡಿಗರನ್ನು ಕೇಳಿ ನೋಡಿ, ಮನೆಯ ಕಾಗದಗಳ ಜೊತೆ ಆ ಹಾಳೆಯನ್ನೂ ಇಟ್ಟುಕೊಂಡಿರುತ್ತಾರೆ. ಬಾಡಿಗೆದಾರರು ತಾವೇ ತಂದ ಒಲೆಯ ವಾರ್ಷಿಕ ತಪಾಸಣೆ ಅಲ್ಲಿಯೂ ಮಾಲೀಕರ ಹೊಣೆಯಲ್ಲ. ಮನೆಗೆ ಅಂಟಿಕೊಂಡದ್ದು ಮಾಲೀಕರದು, ಮನೆಯಿಂದ ಹೊತ್ತೊಯ್ಯುವಂಥದ್ದು ಬಾಡಿಗೆದಾರರದು. ನಮಗೂ ಒಪ್ಪುವ ವಿಭಜನೆ ಇದು.

ಮೂಲ ಸಂಗತಿಗಳನ್ನು ಬೇಗ ಮುಗಿಸೋಣ. ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಅನಿಲಗಳ ಮಿಶ್ರಣ. ಅದಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದ್ದರಿಂದ ಸೋರಿದ ಅನಿಲ ನೆಲ ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್ ಬಳಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದಲ್ಲಿ ಸಿಲಿಂಡರಿನಿಂದ ಅನಿಲ ಸೋರಿ ಬೆಂಕಿ ಹತ್ತಿತು. ಸುಟ್ಟ ಗಾಯವಾದ ಒಂಬತ್ತು ಮಂದಿಯಲ್ಲಿ ಹೆಚ್ಚಿನವರು ಉಳಿಯಲಿಲ್ಲ. ನೆಲದ ಮೇಲೆ ಮಲಗಿದವರ ಮಟ್ಟದಲ್ಲೇ ಈ ಅನಿಲ ಹರಡುತ್ತದೆ ಎಂಬುದನ್ನು ಮರೆಯಬಾರದು.

ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯುಸ್ಸು ಐದು ವರ್ಷ. ಉದ್ದ ಒಂದೂವರೆ ಮೀಟರ್ ದಾಟಬಾರದು. ಸೋರಿಕೆ ನೋಡಲು ಸೋಪಿನ ನೀರು ಬಳಸಿ, ಬೆಂಕಿಕಡ್ಡಿ ಯಾವ ಕಾಲಕ್ಕೂ ಬೇಡ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆರಿಸಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕೆಲಸ ಮಾಡುವ ಸಹಾಯವಾಣಿ ಅದು. ಸಿಲಿಂಡರಿನ ಕೊರಳಪಟ್ಟಿಯ ಮೇಲೆ 'ಬಿ-27' ಎಂದಿದ್ದರೆ ಅದು ಒಳಗಿನ ಗ್ಯಾಸು ಕೆಡುವ ದಿನಾಂಕವೆಂದು ಬಹಳ ಮಂದಿ ತಿಳಿದಿದ್ದಾರೆ. ಗ್ಯಾಸು ಕೆಡುವುದಿಲ್ಲ. 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಆ ಉಕ್ಕಿನ ಪಾತ್ರೆಯ ಒತ್ತಡ ಪರೀಕ್ಷೆ ಆಗಬೇಕು ಎಂದು ಅದರ ಅರ್ಥ. ಅವಧಿ ಮೀರಿದ ಸಿಲಿಂಡರ್ ಮನೆಗೆ ಬಂದರೆ ಇಳಿಸಿಕೊಳ್ಳಬೇಡಿ. ತೈಲ ಕಂಪನಿಗಳ ಕಡೆಯಿಂದ ಐದು ವರ್ಷಕ್ಕೊಮ್ಮೆ ಮನೆಗೆ ಬಂದು ಮಾಡುವ ಕಡ್ಡಾಯ ತಪಾಸಣೆಯೂ ಇದೆ. ವಿತರಕರ ಮೆಕ್ಯಾನಿಕ್ ಬಂದಾಗ ಗುರುತಿನ ಚೀಟಿ ನೋಡಿ ಒಳಗೆ ಬಿಡಿ.

ಈಚೆಗೆ ಕೊಳವೆ ಗ್ಯಾಸೂ ನಮ್ಮ ಊರಿಗೆ ಬರುತ್ತಿದೆ. 2018ರ ಹರಾಜಿನಲ್ಲಿ ಚಿತ್ರದುರ್ಗ–ದಾವಣಗೆರೆ ಜಿಲ್ಲೆಗಳ ಪರವಾನಗಿ ಯೂನಿಸನ್ ಎನ್ವಿರೋ ಕಂಪನಿಗೆ ಸಿಕ್ಕಿತು. 2024ರಲ್ಲಿ ಆ ಕಂಪನಿಯನ್ನು ಮಹಾನಗರ ಗ್ಯಾಸ್ ಕೊಂಡಿತು. ಇದರಲ್ಲಿ ಬರುವುದು ಮೀಥೇನ್, ಗಾಳಿಗಿಂತ ಹಗುರ. ಸೋರಿದರೆ ಚಾವಣಿಗೆ ಏರುತ್ತದೆ. ಎಲ್‌ಪಿಜಿ ಹೊರಹೋಗಲು ನೆಲದ ಹತ್ತಿರ ಕಿಂಡಿ ಬೇಕು, ಮೀಥೇನ್ ಹೊರಹೋಗಲು ಚಾವಣಿಯ ಹತ್ತಿರ. ಎರಡೂ ಇರುವ ಅಡುಗೆಮನೆ ಎರಡಕ್ಕೂ ಒಳ್ಳೆಯದು. ಬಾಡಿಗೆ ಮನೆಗಳಿಗೇ ಸಂಬಂಧಿಸಿದ ಇನ್ನೊಂದು ಅಪಾಯವೂ ಇದೆ. ಒಂದೇ ಗಾತ್ರದ ಎಲ್‌ಪಿಜಿಯಲ್ಲಿ ಮೀಥೇನಿಗಿಂತ ಸುಮಾರು ಎರಡೂವರೆ ಪಟ್ಟು ಶಾಖವಿರುವುದರಿಂದ ಕೊಳವೆ ಗ್ಯಾಸಿನ ಒಲೆಯ ಜೆಟ್ಟಿನ ತೂತು ದೊಡ್ಡದಾಗಿರುತ್ತದೆ. ಅಂಥ ಒಲೆಯನ್ನು ಹೊತ್ತುಕೊಂಡು ಸಿಲಿಂಡರ್ ಮನೆಗೆ ಬಂದವರು ಜೆಟ್ ಬದಲಿಸದೆ ಹಚ್ಚಿದರೆ ಹಳದಿ ಜ್ವಾಲೆ ಎತ್ತರಕ್ಕೆ ಏಳುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಆ ಹಳದಿ ಬಣ್ಣವೇ ಮುಂದಿನ ವಿಷಯಕ್ಕೆ ಬಾಗಿಲು.

ಜನ ಎಡವುವುದು ಹೆಚ್ಚಾಗಿ ಬಚ್ಚಲಮನೆಯ ಗ್ಯಾಸ್ ಗೀಸರ್ ವಿಷಯದಲ್ಲಿ. 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ ತಂಗಿಯರಿಬ್ಬರು ಬಚ್ಚಲಲ್ಲೇ ತೀರಿಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ 'ಗ್ಯಾಸ್ ಸೋರಿಕೆ' ಎಂದೇ ಮಾತು ಹಬ್ಬುತ್ತದೆ. ಓದಿದವರು ತಮ್ಮ ಮನೆಯ ಪೈಪು ಮೂಸಿ ನೋಡಿ, ವಾಸನೆ ಇಲ್ಲವೆಂದು ನೆಮ್ಮದಿಯಾಗುತ್ತಾರೆ. ಗ್ಯಾಸ್ ಗೀಸರಿನ ಬಚ್ಚಲಲ್ಲಿ ಜೀವ ತೆಗೆಯಲು ಗ್ಯಾಸು ಒಂದು ಹನಿಯೂ ಸೋರಬೇಕಾಗಿಲ್ಲ. ಅದು ಉರಿದರೆ ಸಾಕು.

ಲೆಕ್ಕ ಹಾಕಿ ನೋಡೋಣ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿ 192 ಘನ ಅಡಿ, ಅಂದರೆ ಸುಮಾರು ಐದೂವರೆ ಘನಮೀಟರ್. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಒಂದು ಕೆ.ಜಿ.ಗೆ ತುಸು ಕಡಿಮೆ ಗ್ಯಾಸು ಸುಡುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಪೂರ್ಣವಾಗಿ ಉರಿಯಲು ಹನ್ನೆರಡು ಘನಮೀಟರಿಗೂ ಹೆಚ್ಚು ಗಾಳಿ ಬೇಕು. ಬಾಗಿಲು ಕಿಟಕಿ ಮುಚ್ಚಿದ್ದರೆ ಅರ್ಧ ಗಂಟೆಗೆ ಆ ಕೋಣೆಯ ಗಾಳಿಯೆಲ್ಲ ಜ್ವಾಲೆಗೇ ಬೇಕಾಯಿತು. ಒಳಗಿರುವ ಮನುಷ್ಯನೂ ಅದೇ ಗಾಳಿಯನ್ನು ಉಸಿರಾಡಬೇಕು.

ಆದರೆ ಅಪಾಯ ಅರ್ಧ ಗಂಟೆಯವರೆಗೆ ಕಾಯುವುದಿಲ್ಲ. ಗಾಳಿಯಲ್ಲಿ ನೂರಕ್ಕೆ 21ರಷ್ಟಿರುವ ಆಮ್ಲಜನಕ 18ರ ಆಸುಪಾಸಿಗೆ ಇಳಿದರೂ ಜ್ವಾಲೆ ಆರುವುದಿಲ್ಲ. ಉರಿಯುತ್ತಲೇ ಇರುತ್ತದೆ, ಆದರೆ ಕೆಲಸ ಅರೆಬರೆ. ಇಂಗಾಲದ ಪ್ರತಿ ಪರಮಾಣುವಿಗೆ ಎರಡು ಆಮ್ಲಜನಕ ಪರಮಾಣು ಸಿಕ್ಕರೆ ಇಂಗಾಲದ ಡೈಆಕ್ಸೈಡ್. ಒಂದೇ ಸಿಕ್ಕರೆ ಕಾರ್ಬನ್ ಮೊನಾಕ್ಸೈಡ್. ಜ್ವಾಲೆಯೊಳಗೆ ಒಂದು ಪರಮಾಣು ಕಡಿಮೆಯಾದುದರ ಬೆಲೆ ಒಂದು ಜೀವ! ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಬೆರಗು ಹುಟ್ಟಿಸುವ, ಇದಕ್ಕಿಂತ ಭಯ ಹುಟ್ಟಿಸುವ ಲೆಕ್ಕ ನನಗೆ ಬೇರೆ ಕಂಡಿಲ್ಲ.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ. ಮರ್ಕ್ಯಾಪ್ಟನ್ ವಾಸನೆ ಜ್ವಾಲೆಯಲ್ಲಿ ಸುಟ್ಟುಹೋಗಿರುತ್ತದೆ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ದಾವಣಗೆರೆ–ಹರಿಹರ ಬಸ್ಸಿನಲ್ಲಿ ಸೀಟು ಹಿಡಿದವರು ಯಾವ ಸ್ಟಾಪಿನಲ್ಲೂ ಇಳಿಯದಿದ್ದರೆ ಉಳಿದವರು ಹತ್ತುವುದೆಲ್ಲಿ? ಆಮ್ಲಜನಕದ ಪಾಡು ಹಾಗಾಗುತ್ತದೆ. ಗಾಳಿಯ ಸಾವಿರ ಪಾಲಿನಲ್ಲಿ ಒಂದೂವರೆ ಪಾಲು ಈ ಅನಿಲವಿದ್ದರೆ ಇಪ್ಪತ್ತು ನಿಮಿಷಕ್ಕೆ ತಲೆನೋವು, ತಲೆಸುತ್ತು, ವಾಕರಿಕೆ; ಒಂದೆರಡು ಗಂಟೆಯಲ್ಲಿ ಸಾವು. ಪ್ರಮಾಣ ಹತ್ತು ಪಾಲು ದಾಟಿದರೆ ಕೆಲವೇ ನಿಮಿಷ ಸಾಕು. ಮೊದಲು ಕೈಕಾಲಿನ ಬಲ ಹೋಗುವುದರಿಂದ ಚಿಲಕ ತೆಗೆಯಬೇಕೆಂದು ಹೊಳೆದರೂ ತೆಗೆಯಲಾಗುವುದಿಲ್ಲ.

ಹಿಂದೆ ಬಚ್ಚಲಲ್ಲಿ ಹಂಡೆಯ ಒಲೆ ಇತ್ತು. ಹಲವು ಮನೆಗಳಲ್ಲಿ ಉರಿ ಹಾಕುವ ಬಾಯಿ ಹಿತ್ತಲ ಕಡೆಗೆ, ಗೋಡೆಯ ಆಚೆ. ಮೇಲೆ ಮುಚ್ಚಲು ಬಾರದ ಗವಾಕ್ಷಿ. ಹೊಗೆ ಕಣ್ಣಿಗೆ ಉರಿಯುತ್ತಿದ್ದುದರಿಂದ ಗಾಳಿಯ ದಾರಿ ತಾನಾಗಿ ಉಳಿದಿತ್ತು. ಗ್ಯಾಸು ಬಂದ ಮೇಲೆ ಹೊಗೆ ಹೋಯಿತು, ಹೊಗೆಯೊಡನೆ ಗವಾಕ್ಷಿಯೂ ಹೋಯಿತು. ಚಳಿ, ಸೊಳ್ಳೆ, ಅಕ್ಕಪಕ್ಕದ ಮನೆಯ ನೋಟ ಎಂದು ಗಾಜು ಕೂರಿಸಿದೆವು, ಗಾಜಿನ ಮೇಲೆ ರಟ್ಟು ಬಡಿದೆವು. ದೀಪಾವಳಿಯ ಎಣ್ಣೆಸ್ನಾನದ ಬೆಳಿಗ್ಗೆ ಒಬ್ಬರಾದ ಮೇಲೊಬ್ಬರು ಅದೇ ಬಚ್ಚಲಿಗೆ ಹೋಗುತ್ತಾರೆ. ಕೆಲವು ಗೀಸರುಗಳು ಇಪ್ಪತ್ತು ನಿಮಿಷಕ್ಕೆ ತಾವಾಗಿ ಆರುತ್ತವೆ ನಿಜ. ನಲ್ಲಿ ತಿರುಗಿಸಿದರೆ ಮತ್ತೆ ಹೊತ್ತುತ್ತವೆ. ಯಂತ್ರದ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ, ಕೋಣೆಯ ಗಾಳಿ ಹೊಸದಾಗುವುದಿಲ್ಲ.

"ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇವಲ್ಲ" ಎನ್ನುವವರಿಗೆ ಒಂದು ಮಾತು. ಫ್ಯಾನು ಗಾಳಿಯನ್ನು ಹೊರಗೆ ದಬ್ಬಬೇಕಾದರೆ ಬೇರೆಲ್ಲಿಂದಲೋ ಗಾಳಿ ಒಳಗೆ ಬರಬೇಕು. ಬಾಗಿಲ ಕೆಳಗೆ ಸಂದಿಯೇ ಇಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತದೆ. ಕೆಳಗೊಂದು, ಮೇಲೊಂದು ಎರಡು ದಾರಿ ಬೇಕು. ಇನ್ನು ಗ್ಯಾಸ್ ಸೋರಿಕೆಯ ಅಲಾರಂ ಕೊಂಡವರು ಅದು ಮೊನಾಕ್ಸೈಡನ್ನೂ ಹಿಡಿಯುತ್ತದೆಂದು ನಂಬುತ್ತಾರೆ. ಇವೆರಡು ಬೇರೆ ಬೇರೆ ಉಪಕರಣ, ಡಬ್ಬಿಯ ಮೇಲೆ ಓದಿ ಕೊಳ್ಳಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಅದು ಓದುವುದರಿಂದ, ಬಚ್ಚಲಲ್ಲಿ ಕುಸಿದವರ ಬೆರಳಿಗೆ ಸಿಕ್ಕಿಸಿದರೆ 98 ಎಂದು ತೋರಿಸಬಹುದು. ಅದನ್ನು ನೋಡಿ ಪಿತ್ತ, ಲೋ ಬಿಪಿ ಎಂದು ಮನೆಯಲ್ಲೇ ಮಲಗಿಸಬೇಡಿ. ಬಯಲ ಗಾಳಿಗೆ ತಂದು, 108ಕ್ಕೆ ಕರೆ ಮಾಡಿ, ಗ್ಯಾಸ್ ಗೀಸರ್ ಉರಿಯುತ್ತಿತ್ತೆಂದು ವೈದ್ಯರಿಗೆ ಮರೆಯದೆ ಹೇಳಿ. ಬರೀ ಗಾಳಿಯಲ್ಲಿ ರಕ್ತದ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ.

ಈಗ ಮಾಲೀಕರ ಪಾಲಿಗೆ ಬರೋಣ. ನಮ್ಮಲ್ಲಿ ವರ್ಷಕ್ಕೊಮ್ಮೆ ಮಾಲೀಕರೇ ಗ್ಯಾಸ್ ತಪಾಸಣೆ ಮಾಡಿಸಬೇಕೆಂಬ ಬ್ರಿಟನ್ನಿನಂಥ ನಿಯಮವಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯ ಎರಡನೇ ಅನುಸೂಚಿ ಗೋಡೆ, ಕೊಳಾಯಿ, ವೈರಿಂಗ್ ಕೆಲಸವನ್ನು ಮಾಲೀಕರಿಗೆ ಕೊಟ್ಟು, ಗೀಸರ್ ದುರಸ್ತಿಯನ್ನು ನಲ್ಲಿಯ ವಾಷರಿನ ಜೊತೆ ಬಾಡಿಗೆದಾರರ ಪಟ್ಟಿಗೆ ಹಾಕಿದೆ. ಕರೆಂಟಿನ ಗೀಸರಿಗೆ ಅದು ಸರಿಹೋದೀತು. ಗ್ಯಾಸ್ ಗೀಸರಿನ ಮಟ್ಟಿಗೆ ಈ ಹಂಚಿಕೆ ತಪ್ಪು. ಕೆಡುವುದು ಗೀಸರಾದರೂ ಕೊಲ್ಲುವುದು ಗಾಳಿಯಿಲ್ಲದ ಕೋಣೆ, ಆ ಕೋಣೆಯನ್ನು ಕಟ್ಟಿಸಿದವರು ಮಾಲೀಕರು.

ಹನ್ನೊಂದು ತಿಂಗಳಿಗೊಮ್ಮೆ ಕರಾರು ನವೀಕರಿಸುವ ದಿನ ಮಾಲೀಕರು ಹೇಗೂ ಮನೆಗೆ ಬರುತ್ತಾರೆ. ಅದೇ ತಪಾಸಣೆಯ ದಿನವಾಗಲಿ. ಗೀಸರ್ ಬಚ್ಚಲೊಳಗಿದ್ದರೆ ಹೊರಗೆ, ಬಾಲ್ಕನಿಗೋ ಹಿತ್ತಲಿಗೋ ಸಾಗಿಸಿ ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಿಸಿ. ಉಳಿದೆಲ್ಲ ಉಪಾಯಗಳೂ ಇದಕ್ಕಿಂತ ಕಡಿಮೆ. ಸಾಗಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನ ಮಾಡುವಂತೆ ಬಾಡಿಗೆದಾರರಿಗೆ ಬಾಯಿಬಿಟ್ಟು ಹೇಳಿ. ಗವಾಕ್ಷಿಗೆ ಬಡಿದ ರಟ್ಟು ತೆಗೆಸಿ. ಅಡುಗೆಮನೆಯಲ್ಲಿ ನೆಲದ ಹತ್ತಿರ ಕಿಂಡಿ ಇದೆಯೇ, ಸಿಲಿಂಡರ್ ಗಾಳಿಯಾಡದ ಕಪಾಟಿನೊಳಗೆ ಕೂತಿದೆಯೇ ನೋಡಿ. ಒಲೆ ಹಚ್ಚಲು ಹೇಳಿ, ಜ್ವಾಲೆ ನೀಲಿಯೋ ಹಳದಿಯೋ ಗಮನಿಸಿ. ಪೈಪಿನ ಮೇಲೆ ಅಚ್ಚಾದ ವರ್ಷ ಓದಿ. ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಿ. ಬಾಡಿಗೆದಾರರೂ ಸಂಕೋಚ ಬಿಟ್ಟು ಆ ಹಾಳೆ ಕೇಳಬೇಕು.

ಈ ಊರಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಬಚ್ಚಲಲ್ಲಿ ಕುಸಿದು ತುರ್ತು ಚಿಕಿತ್ಸೆಗೆ ಬಂದವರಲ್ಲಿ ಎಷ್ಟು ಮಂದಿಯ ರಕ್ತದಲ್ಲಿ ಮೊನಾಕ್ಸೈಡ್ ಇತ್ತು ಎಂಬುದನ್ನು ವೈದ್ಯ ವಿದ್ಯಾರ್ಥಿಗಳು ದಾಖಲಿಸಬಹುದು. ಸಿವಿಲ್ ವಿಭಾಗದವರು ಟೇಪು ಹಿಡಿದು ಬಚ್ಚಲು ಅಳೆಯಬಹುದು, ಮೆಕ್ಯಾನಿಕಲ್ ವಿಭಾಗದವರು ಮೀಟರ್ ಹಿಡಿದು ಗಾಳಿ ಅಳೆಯಬಹುದು. ಶಾಮನೂರಿನ ಬಾಡಿಗೆ ಮನೆಗಳಲ್ಲಿರುವ ವಿದ್ಯಾರ್ಥಿಗಳೇ, ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ನೀವಿರುವ ಮನೆಯ ಬಚ್ಚಲಿನಿಂದಲೇ ಶುರುಮಾಡಿ.