ಮೂರ್ತಿ ಚಿಕ್ಕದು, ಅಂಗಿ ದೊಡ್ಡದು!

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್ ಇರಲಿ, ಮೈಸೂರಿನ ದೇವರಾಜ ಅರಸು ರಸ್ತೆ ಇರಲಿ, ಸಿದ್ಧ ಉಡುಪಿನ ಅಂಗಡಿಗಳಲ್ಲಿ ಈ ದೃಶ್ಯ ಅಪರೂಪವಲ್ಲ. ಅಂತಿಮ ವರ್ಷದ ವಿದ್ಯಾರ್ಥಿನಿ. ಮುಂದಿನ ವಾರ ಕಾಲೇಜಿಗೆ ಕಂಪೆನಿಯವರು ಸಂದರ್ಶನಕ್ಕೆ ಬರುತ್ತಾರೆ. ಹುಡುಗಿಯ ಎತ್ತರ 5 ಅಡಿಗೆ ಒಂದಿಂಚು ಕಡಿಮೆ. ಟ್ರಯಲ್ ರೂಮಿನಿಂದ ಹೊರಬಂದವಳ ಮೈಮೇಲೆ ಅಂಗಡಿಯಲ್ಲಿದ್ದ ಅತಿ ಚಿಕ್ಕ ಅಳತೆಯ ಶರ್ಟು, ಪ್ಯಾಂಟು. ಭುಜದ ಹೊಲಿಗೆ ತೋಳಿನ ಮೇಲೆ ಜಾರಿದೆ. ಕಫ್ ಅರ್ಧ ಅಂಗೈಯನ್ನು ನುಂಗಿದೆ. ಪ್ಯಾಂಟಿನ ಕಾಲು ನೆಲ ಗುಡಿಸುತ್ತಿದೆ.

‘ಅಮ್ಮಾ, ಯಾರದೋ ಬಟ್ಟೆ ಹಾಕ್ಕೊಂಡು ಬಂದ ಹಾಗಿದೆ.’

‘ಸ್ವಲ್ಪ ದೊಡ್ಡದಿದ್ದರೇನಂತೆ? ಮುಂದಕ್ಕೂ ಆಗುತ್ತೆ.’

‘ಇದಕ್ಕಿಂತ ಚಿಕ್ಕ ಸೈಜು ಬರಲ್ಲ ಮೇಡಂ. ಬೇಕಿದ್ದರೆ ಮೇಲಿನ ಮಹಡಿಯಲ್ಲಿ ಮಕ್ಕಳ ವಿಭಾಗ ಇದೆ, ನೋಡಿ.’

ಅಂಗಡಿಯ ಹುಡುಗನ ಮಾತಿನಲ್ಲಿ ಕುಹಕವೇನಿಲ್ಲ. ಆದರೂ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ಹುಡುಗಿಯ ಮುಖ ಬಾಡುತ್ತದೆ. ಸಂದರ್ಶನದ ಪ್ರಶ್ನೆಗಳಿಗೆ ಹೆದರದವಳು ಕನ್ನಡಿಗೆ ಹೆದರುತ್ತಾಳೆ. ‘ನಾನೇ ಗಿಡ್ಡ, ಅದಕ್ಕೇ ಯಾವುದೂ ಸರಿಹೋಗಲ್ಲ’ ಎಂದುಕೊಳ್ಳುತ್ತಾಳೆ.

ತಪ್ಪು ನಿಜವಾಗಿ ಯಾರದು?

ಅಳತೆಪಟ್ಟಿಯ ಅವಾಂತರ

ಅಮೆರಿಕದ ಬಟ್ಟೆ ಮಾರುಕಟ್ಟೆಯಲ್ಲಿ ಸುಮಾರು 5 ಅಡಿ 4 ಇಂಚು ಹಾಗೂ ಅದಕ್ಕಿಂತ ಕಡಿಮೆ ಎತ್ತರದ ಮಹಿಳೆಯರಿಗಾಗಿ ‘ಪೆಟೀಟ್’ ಎಂಬ ಪ್ರತ್ಯೇಕ ಅಳತೆಯೇ ಇದೆ. ಇನ್ನು ನಮ್ಮಲ್ಲಿ? 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ 1996ರಲ್ಲಿ ಹುಟ್ಟಿದ ಭಾರತೀಯ ಮಹಿಳೆಯ ಸರಾಸರಿ ಎತ್ತರ ಸುಮಾರು 153 ಸೆಂಟಿಮೀಟರ್. ಅಂದರೆ 5 ಅಡಿಯ ಆಸುಪಾಸು. ಅಲ್ಲಿನ ಲೆಕ್ಕದಲ್ಲಿ ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ‘ಪೆಟೀಟ್’ ಆದರು!

ಇನ್ನೊಂದು ತೊಡಕಿದೆ. ಎಸ್, ಎಂ, ಎಲ್ ಎಂಬ ಅಕ್ಷರಗಳು ಹೇಳುವುದು ಮುಖ್ಯವಾಗಿ ಸುತ್ತಳತೆಯನ್ನು, ಎತ್ತರವನ್ನಲ್ಲ. ಎದೆಯ ಸುತ್ತಳತೆ ಒಂದೇ ಆಗಿದ್ದರೆ 5 ಅಡಿಯ ಹುಡುಗಿಗೂ 5 ಅಡಿ 6 ಇಂಚಿನ ಹುಡುಗಿಗೂ ಸಿಗುವುದು ಅದೇ ಶರ್ಟು. ಆದರೆ ಗಿಡ್ಡ ಮೈಕಟ್ಟಿನವರಲ್ಲಿ ಭುಜದಿಂದ ಸೊಂಟದವರೆಗಿನ ಅಂತರವೂ ಕಡಿಮೆ. ಹಾಗಾಗಿ ಶರ್ಟಿನ ಸೊಂಟ ಇವರ ನಿತಂಬದ ಮೇಲೆ ಕೂರುತ್ತದೆ, ಪ್ಯಾಂಟಿನ ಮಂಡಿ ಇವರ ಮೀನಖಂಡಕ್ಕೆ ಇಳಿಯುತ್ತದೆ.

ಈ ಕೊರತೆ ಸರ್ಕಾರದ ಗಮನಕ್ಕೆ ಬಂದಿಲ್ಲವೆಂದಲ್ಲ. ಭಾರತೀಯರದೇ ಆದ ಅಳತೆಪಟ್ಟಿ ಸಿದ್ಧಪಡಿಸಲು ದೇಶದ ಆರು ನಗರಗಳಲ್ಲಿ 15ರಿಂದ 65 ವರ್ಷದೊಳಗಿನ ಸುಮಾರು 25 ಸಾವಿರ ಜನರ ದೇಹದ ಅಳತೆ ತೆಗೆಯುವ ಯೋಜನೆಯನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) 2018ರಲ್ಲಿ ಪ್ರಕಟಿಸಿತು. ಆ ಆರರಲ್ಲಿ ಬೆಂಗಳೂರೂ ಒಂದು. ಒಳ್ಳೆಯ ಕೆಲಸವೇ. ಆದರೆ ಮುಂದಿನ ವಾರದ ಸಂದರ್ಶನಕ್ಕೆ ಇಂದೇ ಬಟ್ಟೆ ಬೇಕಲ್ಲ!

ಭುಜ ಕೂತರೆ ಮಿಕ್ಕಿದ್ದು ಕೂರುತ್ತದೆ

ಅಂಗಡಿಗೆ ಹೋದಾಗ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಬೆಲೆಯನ್ನೂ ಅಲ್ಲ, ಭುಜವನ್ನು. ಭುಜದ ಮೂಳೆ ಎಲ್ಲಿ ಮುಗಿಯುತ್ತದೋ ಅಲ್ಲೇ ತೋಳಿನ ಹೊಲಿಗೆ ಬರಬೇಕು. ಅದು ಕೆಳಗೆ ಜಾರಿದರೆ ಆ ಅಂಗಿಯನ್ನು ಅಲ್ಲೇ ಬಿಡುವುದು ಒಳ್ಳೆಯದು. ಭುಜ ಚಿಕ್ಕದು ಮಾಡಲು ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು. ಖರ್ಚು ಹೆಚ್ಚು, ಚೆನ್ನಾಗಿ ಬರುತ್ತದೆಂಬ ಖಾತ್ರಿ ಕಡಿಮೆ.

ಸುಲಭವಾಗಿ ಸರಿಪಡಿಸಬಹುದಾದವು ಬೇರೆ ಇವೆ. ಪಕ್ಕದ ಹೊಲಿಗೆ ಒಳಗೆ ಹಿಡಿಯಬಹುದು. ಬೆನ್ನಿಗೆ ಎರಡು ಡಾರ್ಟ್ ಹಾಕಿ ಸೊಂಟ ಕೂರಿಸಬಹುದು. ಪ್ಯಾಂಟಿನ ಕಾಲನ್ನು ಒಂದೆರಡು ಇಂಚು ಮಡಚಿ ಹೊಲಿಯಬಹುದು. ನಾಲ್ಕೈದು ಇಂಚು ಕತ್ತರಿಸಬೇಕಾಗಿ ಬಂದರೆ ಮಾತ್ರ ಪ್ಯಾಂಟಿನ ಆಕಾರವೇ ಕೆಡುತ್ತದೆ. ಪಾದದವರೆಗೆ ಬರದ, ಹರಡು ಕಾಣುವಂತೆ ಹೊಲಿದ ಪ್ಯಾಂಟುಗಳು ಮಾರುಕಟ್ಟೆಯಲ್ಲಿವೆ. ಎತ್ತರದವರಿಗೆ ಗಿಡ್ಡ ಎನಿಸುವ ಈ ಪ್ಯಾಂಟು 5 ಅಡಿಯವರಿಗೆ ಪೂರ್ತಿ ಉದ್ದಕ್ಕೆ ಸರಿಹೋಗುವುದುಂಟು. ಹಾಗೆಯೇ ಮುಕ್ಕಾಲು ತೋಳಿನ ಕುರ್ತಾ ಇವರಿಗೆ ಹೆಚ್ಚುಕಡಿಮೆ ಪೂರ್ಣ ತೋಳು!

ಬ್ಲೇಜರ್ ಕೊಳ್ಳುವವರು ಇನ್ನಷ್ಟು ಎಚ್ಚರ ವಹಿಸಬೇಕು. ಉದ್ದನೆಯದನ್ನು ಕೊಂಡು ಕೆಳಗಿನಿಂದ ಕತ್ತರಿಸಿದರೆ ಜೇಬು ಅಂಚಿಗೆ ಬಂದು ನಿಲ್ಲುತ್ತದೆ, ಗುಂಡಿ ಸೊಂಟಕ್ಕಿಂತ ಕೆಳಗೇ ಉಳಿಯುತ್ತದೆ. ಕುರ್ತಾದಲ್ಲೂ ಅಷ್ಟೇ. ಕೆಳಗೆ ಉದ್ದ ಕತ್ತರಿಸಿದಾಗ ಪಕ್ಕದ ಸೀಳು ಮೋಟಾಗಿ, ನಡೆಯುವಾಗ ಎಡವುವಂತಾಗುತ್ತದೆ. ಸೀಳನ್ನೂ ಮೇಲಕ್ಕೆ ಬಿಚ್ಚಿ ಹೊಲಿಯುವಂತೆ ಹೇಳಲು ಮರೆಯಬಾರದು.

ಮಕ್ಕಳ ವಿಭಾಗದ ಶರ್ಟು? ಬೆಲೆ ಕಡಿಮೆ, ತೋಳಿನ ಉದ್ದವೂ ಸರಿ. ಆದರೆ ಅದನ್ನು ವಯಸ್ಕರ ಮೈಕಟ್ಟಿಗೆ ಕತ್ತರಿಸಿರುವುದಿಲ್ಲ. ಎದೆಯ ಬಳಿ ಗುಂಡಿಗಳ ನಡುವೆ ಬಾಯಿ ಬಿಡುತ್ತದೆ.

ಟೈಲರ್ ಇರುವಾಗ ಚಿಂತೆ ಏಕೆ?

ಅನೇಕ ದೇಶಗಳಲ್ಲಿ ದುಬಾರಿಯಾದ ಒಂದು ಸೌಲಭ್ಯ ನಮ್ಮ ಪ್ರತಿ ಬೀದಿಯಲ್ಲೂ ಇದೆ. ಅದೇ ಟೈಲರ್ ಅಂಗಡಿ. ಚಿಕ್ಕಪೇಟೆಯಲ್ಲೋ ನಿಮ್ಮೂರ ಜವಳಿ ಅಂಗಡಿಯಲ್ಲೋ ಬಟ್ಟೆ ತೆಗೆದು ಹೊಲಿಸಿದರೆ ಅಳತೆ ಮೈಯದೇ ಹೊರತು ಪಟ್ಟಿಯದಲ್ಲ. ಗಿಡ್ಡ ಮೈಕಟ್ಟಿಗೆ ಬಟ್ಟೆಯೂ ಕಡಿಮೆ ಸಾಕು. ಎಷ್ಟು ಮೀಟರ್ ಬೇಕೆಂದು ಟೈಲರ್‌ರನ್ನು ಕೇಳಿಯೇ ಅಂಗಡಿಗೆ ಹೋಗಿ.

ಕೆಲವು ಸಂಗತಿ ನೆನಪಿರಲಿ. ಹತ್ತಿ ಬಟ್ಟೆಯಾದರೆ ಹೊಲಿಯಲು ಕೊಡುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸಿ. ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ. ಸಂದರ್ಶನದ ದಿನ ತೊಡುವ ಚಪ್ಪಲಿಯನ್ನೇ ಧರಿಸಿ ಅಳತೆ ಕೊಡಿ, ಇಲ್ಲವಾದರೆ ಪ್ಯಾಂಟಿನ ಉದ್ದ ತಪ್ಪುತ್ತದೆ. ಒಳಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಬಿಡಲು ಹೇಳಿ. ಕನಿಷ್ಠ ಮೂರು ವಾರ ಮುಂಚೆ ಕೊಡಿ. ಹಬ್ಬ, ಮದುವೆಗಳ ಕಾಲದಲ್ಲಿ ಟೈಲರ್ ಹೇಳಿದ ‘ನಾಳೆ’ ಎಂದು ಬರುತ್ತದೆಂದು ಬಲ್ಲವರಾರು?

ಸೀರೆಗೆ ಸೈಜಿಲ್ಲ

ಸೈಜಿನ ಹಂಗೇ ಇಲ್ಲದ ಉಡುಪೊಂದು ನಮ್ಮ ಮನೆಯ ಬೀರುವಿನಲ್ಲೇ ಇದೆ. ಐದೂವರೆ ಮೀಟರಿನ ಸೀರೆ 5 ಅಡಿಯವರಿಗೂ ಆರಡಿಯವರಿಗೂ ಒಂದೇ. ಹೆಚ್ಚಾದ ಅಗಲವನ್ನು ಸೊಂಟದಲ್ಲಿ ಒಳಮಡಚಿದರಾಯಿತು. ಶಿಕ್ಷಕಿಯ ಹುದ್ದೆಗೆ, ಬ್ಯಾಂಕಿನ ಸಂದರ್ಶನಕ್ಕೆ ಸೀರೆ ಎಂದಿಗೂ ಸಲ್ಲುವ ಉಡುಗೆ. ಗಂಜಿ ಹಾಕಿದ ದಪ್ಪ ಹತ್ತಿ ಸೀರೆ ಉಬ್ಬಿ ನಿಲ್ಲುತ್ತದೆ. ಮೈಗೆ ಒಗ್ಗುವ ಮೆತ್ತನೆಯ ಬಟ್ಟೆ, ಸಣ್ಣ ಅಂಚು ಚಿಕ್ಕ ಮೈಕಟ್ಟಿಗೆ ಒಪ್ಪುತ್ತದೆ. ಆದರೆ ಉಟ್ಟು ಅಭ್ಯಾಸವಿರಬೇಕು. ಜೀವನದಲ್ಲಿ ಎರಡನೇ ಸಲ ಸೀರೆ ಉಡುವುದು ಸಂದರ್ಶನದ ದಿನ ಆಗದಿರಲಿ.

ಏನೇ ತೊಡಲಿ, ಹಿಂದಿನ ದಿನವೇ ತೊಟ್ಟು ಅರ್ಧ ಗಂಟೆ ಮನೆಯಲ್ಲಿ ಓಡಾಡಬೇಕು. ಕುರ್ಚಿಯಲ್ಲಿ ಕುಳಿತು ನೋಡಿ. ಕೈ ಮುಂದೆ ಚಾಚಿ, ಮೇಲೆತ್ತಿ. ಮೆಟ್ಟಿಲು ಹತ್ತಿ. ಎಲ್ಲಾದರೂ ಎಳೆಯುತ್ತದೆಯೆ? ಪದೇ ಪದೇ ಸರಿಪಡಿಸಿಕೊಳ್ಳಬೇಕೆನಿಸುತ್ತದೆಯೆ? ಈಗ ಮೊದಲ ಸುತ್ತಿನ ಸಂದರ್ಶನ ಎಷ್ಟೋ ಕಡೆ ಕಂಪ್ಯೂಟರ್ ಪರದೆಯ ಮೇಲೆಯೇ ನಡೆಯುತ್ತದೆ. ಅಲ್ಲಿ ಕಾಣುವುದು ಕಾಲರ್ ಮತ್ತು ಭುಜ. ಮತ್ತೆ ಭುಜವೇ!

ತಂದೆ ತಾಯಿಗೊಂದು ಮಾತು

ಶಾಲೆಯ ಯೂನಿಫಾರಂ ಹೊಲಿಸುವಾಗ ‘ಬೆಳೆಯೋ ಮಗು, ಒಂದಳತೆ ದೊಡ್ಡದಿರಲಿ’ ಎಂದು ಹೇಳುತ್ತಿದ್ದೆವು. ಲಂಗದ ಅಂಚು ನಾಲ್ಕು ಬೆರಳು ಒಳಮಡಚಿ, ವರ್ಷವರ್ಷವೂ ಬಿಚ್ಚುತ್ತಿದ್ದೆವು. ಆ ಜಾಣತನಕ್ಕೆ ಆಗ ಅರ್ಥವಿತ್ತು. ಇಪ್ಪತ್ತೊಂದು ದಾಟಿದ ಮಗಳು ಇನ್ನು ಎತ್ತರ ಬೆಳೆಯುವುದಿಲ್ಲ. ದೊಡ್ಡ ಅಂಗಿಯೊಳಗೆ ಅವಳು ಇನ್ನೂ ಚಿಕ್ಕವಳಾಗಿ ಕಾಣುತ್ತಾಳೆ ಅಷ್ಟೆ. ನೋಡಿದವರು ‘ಇನ್ನೂ ಪಿಯುಸಿಯಾ?’ ಎಂದು ಕೇಳುವ ಹುಡುಗಿಗೆ, ತನ್ನ ಮಾತನ್ನು ದೊಡ್ಡವರು ಗಂಭೀರವಾಗಿ ಕೇಳಬೇಕೆಂಬ ಹಂಬಲ ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ ಇರುತ್ತದೆ.

ಆದ್ದರಿಂದ ಮೂರು ಜೊತೆ ಅಗ್ಗದ ಬಟ್ಟೆಯ ಬದಲು ಅಳತೆಗೊಪ್ಪುವ ಒಂದೇ ಜೊತೆ ಸಾಕು. ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿಟ್ಟರೆ ಎರಡನೇ, ಮೂರನೇ ಸಂದರ್ಶನಕ್ಕೂ ಅದೇ ಆಗುತ್ತದೆ. ಟ್ರಯಲ್ ರೂಮಿನ ಹೊರಗೆ ನಿಂತಾಗ ‘ನಿನಗೆ ಯಾವುದೂ ಆಗಲ್ಲ’ ಎನ್ನಬೇಡಿ. ‘ಈ ಅಂಗಿ ನಿನಗೆ ಆಗಲ್ಲ, ಬೇರೆ ನೋಡೋಣ’ ಎನ್ನಿ. ಕೆಲಸ ಸಿಗುವುದು ಅಂಗಿಯಿಂದಲ್ಲ, ನಿಜ. ಆದರೆ ಜಾರುವ ತೋಳನ್ನು ಮೇಲಕ್ಕೆಳೆಯುವ ಗೋಜಿಲ್ಲದಿದ್ದರೆ ಅವಳ ಗಮನವೆಲ್ಲ ಎದುರಿಗಿರುವವರ ಪ್ರಶ್ನೆಯ ಮೇಲಿರುತ್ತದೆ.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುತ್ತಾರೆ ಹಿರಿಯರು. ಕೀರ್ತಿ ದೊಡ್ಡದಾಗಲಿ, ಅಂಗಿ ಮಾತ್ರ ಮೂರ್ತಿಯ ಅಳತೆಗೇ ಇರಲಿ.