ಕಣ್ಣು ಮುಚ್ಚಿದ ಕ್ಯಾಮರಾ

"ಕಾಲಿದ್ದವರು ಹಂಪೆಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು" ಎಂಬ ಮಾತು ಕೊಪ್ಪಳ ಸೀಮೆಯಲ್ಲಿ ಕೇಳದವರಿಲ್ಲ. ಹಂಪೆಯ ಹರಹು ದೊಡ್ಡದು. ಅದನ್ನು ಸುತ್ತಿ ಬರಲು ಕಾಲಿನಲ್ಲಿ ಕಸುವು ಬೇಕು. ಕನಕಗಿರಿಯ ಕನಕಾಚಲಪತಿ ದೇವಾಲಯದ ಶಿಲ್ಪವಾದರೋ ಒಂದೆಡೆ ನಿಂತು, ಕಣ್ಣು ನೆಟ್ಟು ನೋಡಬೇಕಾದಂಥದು. ಕಾಲು, ಕಣ್ಣು ಎರಡನ್ನೂ ಬೇಡುವ ವಿದ್ಯೆಯೊಂದುಂಟು, ಅದು ಛಾಯಾಗ್ರಹಣ. ಈ ಸೀಮೆಗೆ ಆ ವಿದ್ಯೆ ಬಂದು ಒಂದೂವರೆ ಶತಮಾನಕ್ಕೂ ಮೇಲಾಯಿತು.

ಇಂದು ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ಫೋನಿನಲ್ಲಿ ಕ್ಯಾಮರಾ ಇದೆ. ಆದರೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಳೆಯ ಮನೆಗಳ ಅಟ್ಟದಲ್ಲಿಯೋ ಟ್ರಂಕಿನಲ್ಲಿಯೋ ಹುಡುಕಿದರೆ, ಚರ್ಮದ ಚೀಲದೊಳಗೆ ನಿದ್ರಿಸುತ್ತಿರುವ ಒಂದು ಫಿಲ್ಮ್ ಕ್ಯಾಮರಾ ಸಿಗುವುದು ಅಪೂರ್ವವೇನಲ್ಲ. ಬಡೋದೆಯಲ್ಲಿ ತಯಾರಾದ ಅಗ್ಫಾ ಕ್ಲಿಕ್ ಇರಬಹುದು, ಜಪಾನಿನ ಯಾಷಿಕಾ ಇರಬಹುದು, ರಷ್ಯದ ಜೋರ್ಕಿ ಇರಬಹುದು. "ಅದು ಕೆಟ್ಟುಹೋಗಿದೆ, ಬಿಡಿ" ಎಂದು ಮನೆಯವರು ಹೇಳುತ್ತಾರೆ. ಆದರೆ ಹಾಗೆ ಹೇಳಿಸಿಕೊಂಡ ಕ್ಯಾಮರಾಗಳಲ್ಲಿ ಅನೇಕವು ಕೆಟ್ಟಿರುವುದಿಲ್ಲ. ಕೆಲವಕ್ಕೆ ಒಳಗಿನಿಂದ ಬೀಗ ಬಿದ್ದಿರುತ್ತದೆ, ಕೆಲವಕ್ಕೆ ಬ್ಯಾಟರಿಯಿಲ್ಲ, ಮತ್ತೆ ಕೆಲವಕ್ಕೆ ಕೀಲೆಣ್ಣೆ ಅಂಟಾಗಿದೆ, ಅಷ್ಟೆ. ಬೀಗದ ಕೈ ಎಲ್ಲಿದೆಯೆಂಬುದನ್ನು ತಿಳಿದವರು ಕಡಮೆಯಾಗಿದ್ದಾರೆ.

ಕಲ್ಲು ಕಳೆದುಕೊಂಡದ್ದನ್ನು ಕಾಗದ ಉಳಿಸಿತು

ಹಳೆಯ ಕ್ಯಾಮರಾದ ಗೊಡವೆ ನಮಗೇಕೆ ಎಂದು ಕೇಳುವವರಿಗೆ ತುಂಗಭದ್ರೆಯ ಆಚೆ ದಡದ ಒಂದು ನಿದರ್ಶನವನ್ನು ಕೊಡಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ದೊಡ್ಡ ಮರದ ಕ್ಯಾಮರಾವೊಂದನ್ನು ಹೊರಿಸಿಕೊಂಡು ವಿಜಯನಗರದ ಹಾಳು ಪಟ್ಟಣಕ್ಕೆ ಬಂದನು. ಆಗ ಫಿಲ್ಮ್ ಎಂಬುದೇ ಇರಲಿಲ್ಲ. ಮೇಣ ಹಚ್ಚಿ ರಾಸಾಯನಿಕಗಳಿಂದ ಹದಗೊಳಿಸಿದ ಕಾಗದವೇ ಅವನ ನೆಗೆಟಿವ್. ಆ ಕಾಗದಗಳು ಉಳಿದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವನು ನಿಂತಿದ್ದ ತಾಣಗಳಲ್ಲೇ ನಿಂತು ಅದೇ ದೃಶ್ಯಗಳನ್ನು ಮತ್ತೊಮ್ಮೆ ತೆಗೆದರು.

ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಬೆರಗಾಗುತ್ತಾರೆ. ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥ ಇಂದು ಐವತ್ತು ರೂಪಾಯಿಯ ನೋಟಿನ ಮೇಲೂ ಇದೆ. ಅದರ ನೆತ್ತಿ ಬೋಳು. ಆದರೆ ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ! ಶಿಖರ ಹೋಯಿತು, ಅದಕ್ಕೆ ಸಾಕ್ಷಿಯಾಗಿ ಕಾಗದ ನಿಂತಿತು. ನಮ್ಮ ಮನೆಯ ಟ್ರಂಕಿನ ಕ್ಯಾಮರಾದಲ್ಲೂ ಅಂಥ ಸಾಕ್ಷಿಯೊಂದು ಅಡಗಿಲ್ಲವೆಂದು ಹೇಗೆ ಹೇಳುವುದು?

ಮೊದಲು ತೆರೆಯಬೇಡಿ

ಆದಕಾರಣ ಹಳೆಯ ಕ್ಯಾಮರಾ ಕೈಗೆ ಬಂದೊಡನೆ ಬೆನ್ನಿನ ಬಾಗಿಲನ್ನು ತೆರೆಯಕೂಡದು. ಒಳಗೆ ಅರ್ಧ ತೆಗೆದ ಫಿಲ್ಮ್ ಉಳಿದಿರಬಹುದು. ಅಜ್ಜನ ಷಷ್ಟ್ಯಬ್ದಿಯೋ ಅಕ್ಕನ ಮದುವೆಯೋ ಅದರಲ್ಲಿ ಇನ್ನೂ ತೊಳೆಯದ ಬಿಂಬವಾಗಿ ಕುಳಿತಿರಬಹುದು. ಒಂದು ಗಳಿಗೆ ಬೆಳಕು ಬಿದ್ದರೆ ಆ ಭಾಗದ ಬಿಂಬ ಶಾಶ್ವತವಾಗಿ ಅಳಿಯುತ್ತದೆ.

ಒಳಗೆ ಫಿಲ್ಮ್ ಇದೆಯೇ ಎಂದು ತಿಳಿಯುವುದು ಸುಲಭ. 35 ಮಿಲಿಮೀಟರಿನ ಕ್ಯಾಮರಾ ಆದರೆ ಎಡಗಡೆಯ ಮರಳಿ ಸುತ್ತುವ ಗುಬುಟನ್ನು ಬಾಣದ ದಿಕ್ಕಿನಲ್ಲಿ ಮೆಲ್ಲನೆ ತಿರುಗಿಸಿರಿ. ಸಲೀಸಾಗಿ ಸುತ್ತುತ್ತಲೇ ಹೋದರೆ ಬರಿದು. ಎಳೆತ ಸಿಕ್ಕಿದರೆ ಒಳಗೆ ಫಿಲ್ಮ್ ಇದೆ. ಅಗಲವಾದ 120 ಫಿಲ್ಮಿನ ಕ್ಯಾಮರಾ ಆದರೆ ಬೆನ್ನಿನ ಕೆಂಪು ಕಿಂಡಿಯಲ್ಲಿ ಅಂಕಿ ಕಾಣುತ್ತದೆ. ಫಿಲ್ಮ್ ಇದ್ದರೆ ಮತ್ತೆ ಚಿತ್ರ ತೆಗೆಯುವ ಆಸೆಯನ್ನು ಬಿಟ್ಟು, 35 ಮಿಲಿಮೀಟರಿನದನ್ನು ಅದರ ಡಬ್ಬಿಗೆ ಮರಳಿ ಸುತ್ತಿ, 120ನ್ನು ಕೊನೆಯವರೆಗೆ ಮುಂದೆ ಸುತ್ತಿ, ಹಳೆಯ ಫಿಲ್ಮಿನ ಅಭ್ಯಾಸವುಳ್ಳ ಪ್ರಯೋಗಶಾಲೆಗೆ ಕೊಡಬೇಕು. ಹತ್ತಾರು ವರ್ಷಗಳಾಗಿದ್ದರೂ ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಮಂಜು ಕವಿದಂತೆಯಾದರೂ ಬಿಂಬ ಮೂಡುವ ಸಂಭವವುಂಟು. ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮನ್ನು ತೊಳೆಯುವ ಕೊನೆಯ ಪ್ರಯೋಗಶಾಲೆಯೂ 2010ರ ಕೊನೆಗೆ ಆ ಕೆಲಸವನ್ನು ನಿಲ್ಲಿಸಿತು. ಆದರೆ ಅದನ್ನೂ ಕಪ್ಪು ಬಿಳುಪಿನಲ್ಲಿ ತೊಳೆಯಬಹುದು. ಬಣ್ಣ ಹೋದರೂ ಮುಖ ಉಳಿಯುತ್ತದೆ.

ಕೆಟ್ಟದ್ದೋ, ಬೀಗ ಬಿದ್ದದ್ದೋ?

ಕ್ಯಾಮರಾ ಮಾಡಿದವರು ಬುದ್ಧಿವಂತರು. ಬಳಸುವವನು ಮರೆಗುಳಿ ಎಂಬುದನ್ನು ಬಲ್ಲವರು. ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ಬೀಳದಿರಲೆಂದು ಎಷ್ಟೋ ಕ್ಯಾಮರಾಗಳಲ್ಲಿ ತಡೆಯೊಂದನ್ನು ಇಟ್ಟರು. ಫಿಲ್ಮನ್ನು ಮುಂದಕ್ಕೆ ಸುತ್ತುವ ತನಕ ಗುಂಡಿ ಒತ್ತಲು ಬಾರದು. ಫಿಲ್ಮ್ ಇಲ್ಲದೆ ಪರೀಕ್ಷಿಸಲು ಹೊರಟವರು ಗುಂಡಿ ಒತ್ತುತ್ತಾರೆ, ಅದು ಇಳಿಯುವುದಿಲ್ಲ, ಕ್ಯಾಮರಾ ಸತ್ತಿತೆಂದು ತೀರ್ಮಾನಿಸುತ್ತಾರೆ! ಜರ್ಮನಿಯ ಮಡಿಸುವ ಕ್ಯಾಮರಾಗಳಲ್ಲಿ ಲೆನ್ಸಿನ ಪಕ್ಕದಲ್ಲಿರುವ ಷಟರಿನ ಸಣ್ಣ ಸನ್ನೆಯನ್ನೇ ಬೆರಳಿನಿಂದ ನೇರವಾಗಿ ತಳ್ಳಿದರೆ ಷಟರು 'ಟಿಕ್' ಎಂದು ತೆರೆದು ಮುಚ್ಚುವುದನ್ನು ಕಾಣಬಹುದು.

ಈ ತಡೆಯನ್ನು ಬೇಕೆಂದೇ ದಾಟುವ ದಾರಿಯೂ ಉಂಟು. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000ನ್ನು ತೆಗೆದುಕೊಳ್ಳಿ. ಒಂದು ಚಿತ್ರ ತೆಗೆದ ಮೇಲೆ ಮರಳಿ ಸುತ್ತುವ ಗುಬುಟನ್ನು ಬಿಗಿಯಾಗಿ ಹಿಡಿದು, ತಳದ ಸಣ್ಣ ಗುಂಡಿಯನ್ನು ಒತ್ತಿಕೊಂಡೇ ಸನ್ನೆಯನ್ನು ಎಳೆದರೆ, ಷಟರು ಮಾತ್ರ ಸಿದ್ಧವಾಗುತ್ತದೆ. ಫಿಲ್ಮ್ ಇದ್ದಲ್ಲೇ ಇರುತ್ತದೆ. ಹೀಗೆ ಒಬ್ಬನೇ ಹುಡುಗನನ್ನು ಒಂದೇ ಚಿತ್ರದಲ್ಲಿ ಎರಡು ಕಡೆ ಕೂರಿಸಬಹುದು. ನಿಕಾನ್ ಎಫ್‌ಎಂ2ರಲ್ಲಿ ಮತ್ತೊಂದು ಗುಟ್ಟಿದೆ. ತಾನಾಗಿ ಚಿತ್ರ ತೆಗೆಯುವ ಟೈಮರನ್ನು ಹಾಕಿದರೆ ಒಳಗಿನ ಕನ್ನಡಿ ಮೊದಲೇ ಮೇಲೇಳುತ್ತದೆ. ಕೆಲವು ಸೆಕೆಂಡುಗಳ ಬಳಿಕ ಷಟರು ತೆರೆಯುತ್ತದೆ. ಕನ್ನಡಿಯ ಅದುರು ಅಷ್ಟರೊಳಗೆ ಅಡಗಿರುತ್ತದೆ. ದೇವಾಲಯದ ಮಬ್ಬುಗತ್ತಲಿನ ಮಂಟಪದಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮರಾವನ್ನಿಟ್ಟು ಕಂಬದ ಕೆತ್ತನೆಯನ್ನು ತೆಗೆಯುವವರಿಗೆ ಇದು ವರದಾನವೇ ಸರಿ.

ಲೆನ್ಸಿನ ಮೇಲೆ ಎರಡು ಕಡೆಗೂ ಸಾಲಾಗಿ ಕೊರೆದ 4, 8, 16 ಎಂಬ ಅಂಕಿಗಳನ್ನು ಅನೇಕರು ಅಲಂಕಾರವೆಂದು ತಿಳಿದಿದ್ದಾರೆ. 50 ಮಿಲಿಮೀಟರಿನ ಲೆನ್ಸಿನಲ್ಲಿ ಅಪರ್ಚರನ್ನು 16ಕ್ಕೆ ಇಟ್ಟು, ಅನಂತ ದೂರದ ಗುರುತನ್ನು ಆ ಸಾಲಿನ 16ಕ್ಕೆ ಹೊಂದಿಸಿದರೆ, ಸುಮಾರು ಮೂರು ಮೀಟರಿನಿಂದ ಹಿಡಿದು ಕಣ್ಣು ಹಾಯುವ ದೂರದವರೆಗೆ ಎಲ್ಲವೂ ಸ್ಫುಟವಾಗಿರುತ್ತವೆ. ಮತ್ತೆ ಫೋಕಸ್ಸಿನ ಚಿಂತೆಯಿಲ್ಲ. ಜಾತ್ರೆಯ ನೂಕುನುಗ್ಗಲಿನಲ್ಲಿ ತೇರನ್ನು ತೆಗೆಯುವವನಿಗೆ ಇದಕ್ಕಿಂತ ಬೇರೆ ಏನು ಬೇಕು?

ಆದರೆ ಒಂದು ಕ್ಯಾಮರಾದ ಪಾಠ ಇನ್ನೊಂದಕ್ಕೆ ಹೊಂದುವುದಿಲ್ಲ. ಜರ್ಮನಿಯ ಹಳೆಯ ಕಾಂಪೂರ್ ರ‍್ಯಾಪಿಡ್ ಷಟರಿನಲ್ಲಿ 1/500 ಸೆಕೆಂಡಿನ ವೇಗವನ್ನು ಷಟರು ಎಳೆಯುವುದಕ್ಕೆ ಮೊದಲೇ ಇಡಬೇಕು. ರಷ್ಯದ ಜೋರ್ಕಿಯಲ್ಲಿ ಷಟರು ಎಳೆದ ಬಳಿಕವೇ ವೇಗವನ್ನು ಬದಲಿಸಬೇಕು. ಕ್ರಮ ತಪ್ಪಿದರೆ ಒಳಗಿನ ಯಂತ್ರಕ್ಕೆ ಪೆಟ್ಟಾಗುತ್ತದೆ. ಬಲ ಪ್ರಯೋಗದಿಂದ ಕೆಟ್ಟ ಕ್ಯಾಮರಾಗಳು ವಯಸ್ಸಿನಿಂದ ಕೆಟ್ಟವುಗಳಿಗಿಂತ ಕಡಮೆಯೇನಲ್ಲ. ಯಾವುದಾದರೂ ಸನ್ನೆ ಬಿಗಿಯಾಗಿದ್ದರೆ ಕೈ ಬಿಟ್ಟು, ಆ ಕ್ಯಾಮರಾದ ಕೈಪಿಡಿಯನ್ನು ಮೊದಲು ಹುಡುಕುವುದು ಲೇಸು.

ಬಿಸಿಲು, ಧೂಳು, ಬೂಷ್ಟು

ನಮ್ಮ ಸೀಮೆಯ ಹವೆಯೂ ಕ್ಯಾಮರಾಕ್ಕೆ ಶತ್ರು. ಬೇಸಿಗೆಯ ಬಿಸಿಲಿಗೆ ಲೆನ್ಸಿನ ತಿರುಗಣೆಗೆ ಹಚ್ಚಿದ ಜಿಡ್ಡು ಕರಗಿ, ಹರಿದು, ಅಪರ್ಚರಿನ ತೆಳು ರೇಕುಗಳಿಗೆ ಅಂಟುತ್ತದೆ. ಆ ಮೇಲೆ ಅವು ತಡವಾಗಿ ಚಲಿಸುತ್ತವೆ, ಇಲ್ಲವೆ ಚಲಿಸುವುದೇ ಇಲ್ಲ. ಕುಷ್ಟಗಿ, ಯಲಬುರ್ಗಾಗಳ ಒಣ ನೆಲದಲ್ಲಿ ಧೂಳಿನ ಕಾಟ. ಕಾಲುವೆಯ ನೀರು ಹರಿದು ಭತ್ತದ ಗದ್ದೆಗಳು ಹಬ್ಬಿರುವ ಗಂಗಾವತಿಯ ಕಡೆ ತೇವದ ಕಾಟ. ತೇವವಿದ್ದಲ್ಲಿ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಬಹಳ ಕಾಲ ಬಿಟ್ಟರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಕ್ಯಾಮರಾವನ್ನು ಅದರಲ್ಲಿ ಮುಚ್ಚಿಡಬಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ತಿಂಗಳಿಗೊಮ್ಮೆ ತೆಗೆದು ಗಾಳಿ ಬೆಳಕು ತೋರಿಸಬೇಕು.

ಮನೆಯಲ್ಲೇ ಮಾಡಬಹುದಾದ ರಿಪೇರಿಯಲ್ಲಿ ಮುಖ್ಯವಾದುದು ಬೆಳಕಿನ ಸೋರಿಕೆಯನ್ನು ನಿಲ್ಲಿಸುವುದು. ಜಪಾನಿನ ಕ್ಯಾಮರಾಗಳ ಬಾಗಿಲಿನ ಸಂದುಗಳಲ್ಲಿ ಸ್ಪಂಜಿನಂಥ ಕರಿಯ ಪಟ್ಟಿಯಿರುತ್ತದೆ. ಕೆಲವು ದಶಕಗಳಲ್ಲಿ ಅದು ಕೊಳೆತು ಡಾಂಬರಿನಂತೆ ಅಂಟಾಗುತ್ತದೆ. ಹಲ್ಲುಕಡ್ಡಿಗೆ ಸ್ಪಿರಿಟ್ ಸೋಕಿಸಿ ಅದನ್ನು ತೆಗೆದುಹಾಕಿ, ಸಂದಿನೊಳಗೆ ಸ್ವೆಟರ್ ಹೆಣೆಯುವ ನಯವಾದ ಕರಿ ಉಣ್ಣೆಯ ಎಳೆಯನ್ನು ಕೂರಿಸಿದರೆ ಸಾಕು. ಕಂಬಳಿಯ ಒರಟು ಉಣ್ಣೆ ಬೇಡ. ಅದರ ಪುಡಿ ಉದುರಿ ಫಿಲ್ಮಿನ ಮೇಲೆ ಬೀಳುತ್ತದೆ. ಮಡಿಸುವ ಕ್ಯಾಮರಾದ ತಿದಿಯಲ್ಲಿ ತೂತು ಬಿದ್ದಿದೆಯೇ ಎಂದು ನೋಡಲು, ಫಿಲ್ಮ್ ಇಲ್ಲದಾಗ ಕತ್ತಲೆ ಕೋಣೆಯಲ್ಲಿ ಅದರೊಳಗೆ ಟಾರ್ಚು ಹಿಡಿಯಬೇಕು. ತೂತುಗಳು ನಕ್ಷತ್ರಗಳಂತೆ ಮಿನುಗುತ್ತವೆ.

ಷಟರಿನ ವೇಗ ಸರಿಯಾಗಿದೆಯೇ ಎಂಬುದನ್ನು ಹೊಸ ಕಾಲದ ಫೋನೇ ಹೇಳುತ್ತದೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯ ವೀಡಿಯೋದಲ್ಲಿ ಲೆನ್ಸಿನೊಳಗಿರುವ ಷಟರನ್ನು ಸೆರೆಹಿಡಿದು, ಅದು ಎಷ್ಟು ಚಿತ್ರಗಳಲ್ಲಿ ತೆರೆದಿದೆಯೆಂದು ಎಣಿಸಿರಿ. 1/30 ಸೆಕೆಂಡಿಗೆ ಎಂಟು, 1/60ಕ್ಕೆ ನಾಲ್ಕು ಬರಬೇಕು. ಹದಿನೈದೋ ಇಪ್ಪತ್ತೋ ಬಂದರೆ ಷಟರು ಸೋಮಾರಿಯಾಗಿದೆ ಎಂದರ್ಥ.

ಬ್ಯಾಟರಿ ಇಲ್ಲದ ಬಾಳು

ಬೆಳಕನ್ನು ಅಳೆಯುವ ಮೀಟರು ನಡೆಯದಿದ್ದರೆ ಅನೇಕರು ಕ್ಯಾಮರಾವನ್ನೇ ಮೂಲೆಗೆ ಹಾಕುತ್ತಾರೆ. 1960ರ ದಶಕದ ಬಹಳಷ್ಟು ಕ್ಯಾಮರಾಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಯನ್ನು ನೆಚ್ಚಿದ್ದವು. ಪಾದರಸ ವಿಷವಾದ್ದರಿಂದ ಅವು ಅಂಗಡಿಗಳಿಂದ ಮರೆಯಾದವು. ಇಂದಿನ 1.5 ವೋಲ್ಟಿನದನ್ನು ಹಾಕಿದರೆ ಮೀಟರು ಸುಳ್ಳು ಹೇಳುತ್ತದೆ. ಇದಕ್ಕೆ ಪರಿಹಾರ ಕಿವಿ ಮಂದವಾದವರ ಶ್ರವಣ ಯಂತ್ರದಲ್ಲಿದೆ! ಅದರ 675 ಸಂಖ್ಯೆಯ ಸತು-ಗಾಳಿ ಬ್ಯಾಟರಿ ಸುಮಾರು 1.4 ವೋಲ್ಟನ್ನು ಕೊಡುತ್ತದೆ. ಸುತ್ತಲೂ ಒಂದು ಸಣ್ಣ ಬಳೆಯನ್ನು ಹಾಕಿದರೆ ಹಳೆಯ ಗೂಡಿನಲ್ಲಿ ಕೂರುತ್ತದೆ.

ಬ್ಯಾಟರಿಯೇ ಇಲ್ಲದಿದ್ದರೂ ಎದೆಗುಂದಬೇಕಾಗಿಲ್ಲ. 1966ರಲ್ಲಿ ಬಂದ ಯಾಷಿಕಾ ಎಲೆಕ್ಟ್ರೋ 35ರಲ್ಲಿ ಬ್ಯಾಟರಿ ತೆಗೆದರೆ ಷಟರು 1/500 ಸೆಕೆಂಡಿನ ವೇಗದಲ್ಲಿ ನಡೆಯುತ್ತಲೇ ಇರುತ್ತದೆ. ಹಿಂದಿನವರ ಒಂದು ಸೂತ್ರವಿದೆ: ನೆತ್ತಿಯ ಬಿಸಿಲಿನಲ್ಲಿ ಅಪರ್ಚರು 16, ಷಟರಿನ ವೇಗ ಫಿಲ್ಮಿನ ವೇಗದಷ್ಟು. 125ರ ಫಿಲ್ಮಿಗೆ 1/125 ಸೆಕೆಂಡು. ಅದೇ ಲೆಕ್ಕದಂತೆ 1/500 ಸೆಕೆಂಡಿಗೆ ಅಪರ್ಚರು 8. ಕೊಪ್ಪಳದ ಬಿಸಿಲಿಗೆ ಬೇರೆ ಮೀಟರು ಏತಕ್ಕೆ?

ಫಿಲ್ಮ್ ಸಿಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾಗಿ 'ಇಂದು' ಹೆಸರಿನ ಫಿಲ್ಮ್ ಮಾಡುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋಯಿತು. ಆದರೆ 1901ರಲ್ಲಿ ಹುಟ್ಟಿದ 120 ಫಿಲ್ಮ್, 1934ರಲ್ಲಿ ಬಂದ 35 ಮಿಲಿಮೀಟರಿನ ಡಬ್ಬಿ ಎರಡೂ ಇಂದಿಗೂ ವಿದೇಶಗಳಿಂದ ಬರುತ್ತಿವೆ. 1995ರಲ್ಲಿ ನಿಂತುಹೋದ 620 ಫಿಲ್ಮಿನ ಕ್ಯಾಮರಾ ನಿಮ್ಮಲ್ಲಿದ್ದರೆ, 120ನ್ನೇ ಕತ್ತಲಲ್ಲಿ ಹಳೆಯ ತೆಳು ಉರುಳೆಗೆ ಸುತ್ತಿ ಹಾಕಬಹುದು; ಎರಡೂ ಫಿಲ್ಮುಗಳ ಅಗಲ ಒಂದೇ. ಬೆಲೆ ಮಾತ್ರ ಹೆಚ್ಚು. ಆದ್ದರಿಂದಲೇ ಹನ್ನೆರಡು ಚಿತ್ರಗಳ ಒಂದು ಸುರುಳಿಯನ್ನು ಬಳಸುವವನು ಪ್ರತಿ ಸಲವೂ ಯೋಚಿಸಿ ಗುಂಡಿ ಒತ್ತುತ್ತಾನೆ.

ಮುಟ್ಟಬಾರದ ಜಾಗ

ಉತ್ಸಾಹಕ್ಕೆ ಒಂದು ಮೇರೆಯೂ ಬೇಕು. ಫ್ಲಾಷ್ ಇರುವ ಕ್ಯಾಮರಾವನ್ನು ಮನೆಯಲ್ಲಿ ಬಿಚ್ಚಲೇಬಾರದು. ಬ್ಯಾಟರಿ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿನಷ್ಟು ವಿದ್ಯುತ್ತು ನಿಂತಿರಬಹುದು. ಮುಟ್ಟಿದವನನ್ನು ಅದು ಬಿಡದು. ಷಟರಿಗೆ ಅಡಿಗೆಯ ಎಣ್ಣೆಯನ್ನಾಗಲಿ, ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಬಿಡುವುದು ಅಪರಾಧ. ಷಟರಿನ ರೇಕುಗಳು ಒಣಗಿಯೇ ನಡೆಯಬೇಕು. ಜಪಾನಿನ ಕ್ಯಾಮರಾಗಳ ತಿರುಪಿನ ತಲೆಯ ಗಾಡಿ ಬೇರೆ ಅಳತೆಯದು. ಸಾಮಾನ್ಯ ತಿರುಪುಳಿ ಹಾಕಿದರೆ ಜಾರಿ ತಲೆ ಸವೆಯುತ್ತದೆ. ಲೆನ್ಸನ್ನು ಬಿಚ್ಚುವುದು, ಷಟರನ್ನು ತೊಳೆಯುವುದು ಬಲ್ಲವರ ಕೆಲಸ. ಅಂಥ ಕೈಗಳು ದಿನದಿನಕ್ಕೆ ವಿರಳವಾಗುತ್ತಿವೆ. ಮನೆಯ ಕ್ಯಾಮರಾಕ್ಕೆ ಚಿಕಿತ್ಸೆ ಬೇಕಾದರೆ ಅದು ನಾಳೆಗಿಂತ ಇಂದು ಆಗುವುದು ಮೇಲು.

ಇದೇ ಸೀಮೆಯ ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು (1931–2011) ರಾಜಕಾರಣದ ನಡುವೆಯೂ ಕಾಡಿನಲ್ಲಿ ಕಾದು ಕುಳಿತು ತೆಗೆದ ಕಪ್ಪು ಬಿಳುಪಿನ ವನ್ಯಜೀವಿ ಚಿತ್ರಗಳಿಂದ ಹೆಸರಾದರು. ನಾವೆಲ್ಲ ಅವರಂತಾಗಬೇಕಿಲ್ಲ. ಟ್ರಂಕಿನ ಕ್ಯಾಮರಾವನ್ನು ಒರಸಿ, ಅದರ ಬೀಗಗಳನ್ನು ಒಂದೊಂದಾಗಿ ತಿಳಿದು, ಒಂದು ಸುರುಳಿ ಹಾಕಿಕೊಂಡು, ಮನೆಯ ಹಿರಿಯರನ್ನು ಹಜಾರದ ಬೆಳಕಿನಲ್ಲಿ ಕೂರಿಸಿ ಒಂದು ಚಿತ್ರ ತೆಗೆದರೆ ಆಯಿತು. ತೊಳೆದು ಬಂದ ನೆಗೆಟಿವನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು, ಊರು, ತಾರೀಖು ಬರೆದಿಡುವುದನ್ನು ಮಾತ್ರ ಮರೆಯಬಾರದು. ಹೆಸರಿಲ್ಲದ ಮುಖವನ್ನು ಮೊಮ್ಮಕ್ಕಳು ಗುರುತಿಸಲಾರರು.